ಎಡಗಡೆಯ ಜೇಬು

"ಸರಿ... ಸರಿ... ಈಗ ಏನಪ್ಪಾ ಅಂದ್ರೆ... ಸರಿ."

ಸಿಸ್ಟರ್ ಮೇಲಂಗಿಯ ಬಲಗಡೆಯ ಜೇಬಿಗೆ ಕೈಹಾಕಿ ಬೀಗದಕೈ ಗೊಂಚಲನ್ನು ಗಲಗಲ ಆಡಿಸಿದಳು. ಕತ್ತನ್ನು ಸ್ವಲ್ಪ ಮುಂದಕ್ಕೆ ಚಾಚಿ, ಎದುರಿಗಿದ್ದ ಯಾರ ಮುಖವನ್ನೂ ನೋಡದೆ ಫ್ಯಾನಿನ ಮೇಲೆ ಕಣ್ಣು ನೆಟ್ಟು, ಇನ್ನೊಂದು ಸಲ "ಸರಿ" ಎಂದಳು. ಬೆಂಚುಗಳ ಮೇಲೆ ಕೂತಿದ್ದ ದೊಡ್ಡವರೆಲ್ಲ ಒಬ್ಬರ ಮೇಲೊಬ್ಬರು ವಾಲಿಕೊಂಡು ನಕ್ಕರು. ಬೇಕರಿಯವನಂತೂ ಹೊಟ್ಟೆ ಹಿಡಿದುಕೊಂಡು, "ಸಾಕು ಸಿಸ್ಟರ್, ಸಾಕು, ಉಸಿರು ನಿಂತುಹೋಗುತ್ತೆ" ಎಂದು ಕಣ್ಣೊರೆಸಿಕೊಂಡ.

ಹದಿಹರೆಯದ ಮಕ್ಕಳ ಸ್ಕೌಟ್ ದಳ ನಡೆಸಲು ಮುಂದೆ ಬಂದವರಿಗೆ ಭಾನುವಾರಗಳಂದು ತರಬೇತಿ ಕೊಡುವುದು ಸಿಸ್ಟರ್ ಪಾಲಿಗೆ ಬಂದು ಬಹಳ ವರ್ಷಗಳಾಗಿದ್ದವು. ವಾರವೆಲ್ಲ ಆಸ್ಪತ್ರೆಯ ಗಂಡಸರ ವಾರ್ಡಿನಲ್ಲಿ ನರ್ಸ್, ಭಾನುವಾರ ಗುರು. ಊಟವಾದ ಮೇಲಿನ ಪಾಠಕ್ಕೆ ಎಲ್ಲರ ಕಣ್ಣೂ ಎಳೆಯುತ್ತದೆಂದು ಅವಳೇ ಒಂದು ಉಪಾಯ ಹುಡುಕಿದ್ದಳು. ಮಕ್ಕಳ ಮುಂದೆ ಹೇಗೆ ನಿಲ್ಲಬಾರದು ಎಂದು ಮಾಡಿ ತೋರಿಸುವುದು. ಕೂಗಾಡುವ ನಾಯಕ, ಫೋನು ಬಿಡದ ನಾಯಕ, ತನ್ನ ಕಾಲದ ಕಥೆಯನ್ನೇ ಕೊರೆಯುವ ನಾಯಕ. ಎಲ್ಲ ಅವಳೇ ಕಟ್ಟಿದ ಗೊಂಬೆಗಳು. ಈ ಸಲ ಅವು ಯಾಕೋ ಸಪ್ಪೆಯಾದವು. ಯಾರೋ ಬಾಯಿ ಮುಚ್ಚದೆಯೇ ಆಕಳಿಸಿದರು. ಆಗ ಈ ಹೊಸ ಗೊಂಬೆ ತಾನಾಗಿ ಕೈಗೆ ಬಂತು.

ಬೇಕರಿಯವನ ನಗು ಅರ್ಧಕ್ಕೆ ನಿಂತಿತು. ಅವನು ಬಾಗಿಲ ಕಡೆ ನೋಡುತ್ತಿದ್ದ. ಸಿಸ್ಟರ್ ತಿರುಗಿದಳು.

ಡೇರೆಯ ಕೋಲುಗಳ ಕಟ್ಟನ್ನು ಹೆಗಲ ಮೇಲೆ ಹೊತ್ತು ಲಿಫ್ಟಣ್ಣ ನಿಂತಿದ್ದ. ಲಿಫ್ಟ್ ರಿಪೇರಿ ಅವನ ಕಸುಬು. ದಳದ ಮಕ್ಕಳು ಇಟ್ಟ ಹೆಸರು ಊರಿಗೆಲ್ಲ ಹಬ್ಬಿತ್ತು. ಎಷ್ಟು ಹೊತ್ತಿನಿಂದ ನಿಂತಿದ್ದನೋ, ಅವನ ಮುಖದಲ್ಲೂ ನಗುವಿತ್ತು. ನಾಲ್ಕು ಜನ ನಗುವಾಗ ತಾನೂ ನಗಬೇಕಲ್ಲ ಎನ್ನುವವರ ನಗು. ಕೋಲುಗಳನ್ನು ಸದ್ದಾಗದಂತೆ ಗೋಡೆಗೆ ಒರಗಿಸಿದ.

"ಚೆನ್ನಾಗಿ ಮಾಡಿದ್ರಿ ಸಿಸ್ಟರ್," ಎಂದ. "ಬೀಗದಕೈ ಮಾತ್ರ ಎಡಗಡೆ ಜೇಬಲ್ಲಿರುತ್ತೆ."

ಅವನು ಮೆಟ್ಟಿಲಿಳಿದು ಹೋದ. ಹಿಂದಿನ ಬೆಂಚಿನಲ್ಲಿ ಯಾರೋ ತಡೆಯಲಾರದೆ ಮತ್ತೊಮ್ಮೆ ಕಿಸಕ್ಕೆಂದರು.

ಎಲ್ಲರೂ ಹೋದ ಮೇಲೆ ಸಿಸ್ಟರ್ ಬೋರ್ಡ್ ಒರೆಸಲು ನಿಂತಳು. ಬೆಳಿಗ್ಗೆ ಅವಳೇ ದಪ್ಪ ಅಕ್ಷರದಲ್ಲಿ ಬರೆದದ್ದು ಹಾಗೇ ಇತ್ತು: 'ಜೊತೆಗಾರರು ಹಿಂದಿನ ಬೆಂಚಿನಲ್ಲಿ ಕೂರಬೇಕು. ಅಲ್ಲಿ ಕಂಡದ್ದು ಆ ಬೆಂಚು ದಾಟಬಾರದು.' ಎರಡು ಸಲ ಒರೆಸಿದರೂ ಸೀಮೆಸುಣ್ಣದ ಮಬ್ಬಿನೊಳಗೆ ಅದು ಓದಲು ಬರುತ್ತಿತ್ತು.

ಹೊಸದಾಗಿ ದಳ ವಹಿಸಿಕೊಂಡವರಿಗೆ ಮೊದಲ ವರ್ಷ ಅನುಭವವಿರುವ ಒಬ್ಬರನ್ನು ಜೊತೆಗೆ ಕೊಡುವುದು ಅವರಲ್ಲಿ ಪದ್ಧತಿ. ಜೊತೆಗಾರರು ಹಿಂದೆ ಕೂತು ನೋಡುತ್ತಾರೆ, ಮಕ್ಕಳು ಹೋದ ಮೇಲೆ ಇಬ್ಬರೇ ಕೂತು ಮಾತಾಡುತ್ತಾರೆ. ಲಿಫ್ಟಣ್ಣನಿಗೆ ಜೊತೆಗಾರ್ತಿ ಸಿಸ್ಟರ್. ದಳ ನಡೆಸುವವರು ಯಾರೂ ಇಲ್ಲದೆ ಮುಚ್ಚಿಹೋಗುತ್ತದೆಂದಾಗ, ತಂಗಿಯ ಮಗನನ್ನು ಕರೆದೊಯ್ಯಲು ಬಂದು ಮೂಲೆಯಲ್ಲಿ ನಿಂತಿದ್ದ ಅವನು ಕೈಯೆತ್ತಿದ್ದ. ಎತ್ತಿದ ಮೇಲೆ ತನ್ನ ಕೈಯನ್ನು ತಾನೇ ಬೆರಗಿನಿಂದ ನೋಡಿಕೊಂಡಿದ್ದ.

ದಳ ಸೇರುತ್ತಿದ್ದುದು ಶುಕ್ರವಾರ ಸಂಜೆ. ಮೊದಲ ಶುಕ್ರವಾರ ಮಕ್ಕಳೆಲ್ಲ ಹೋದ ಮೇಲೆ ಅವನು ಬೆವರು ಒರೆಸಿಕೊಳ್ಳುತ್ತ ಹೇಳಿದ್ದ: "ದಿನವೆಲ್ಲ ಲಿಫ್ಟಿನ ಕೆಳಗಿನ ಗುಂಡಿಯಲ್ಲಿ ಒಬ್ಬನೇ ಇರ್ತೀನಿ ಸಿಸ್ಟರ್. ಅಲ್ಲಿ ಏನಾದ್ರೂ ಅಂದ್ರೆ ನನ್ನ ಮಾತು ನನಗೇ ವಾಪಸ್ ಬರುತ್ತೆ. ಇಲ್ಲಿ ಇಷ್ಟೊಂದು ಕಣ್ಣು. ಕೈ ನಡುಗುತ್ತೆ, ಮಾತು ಗಂಟಲಲ್ಲೇ ಸಿಕ್ಕೊಳ್ಳುತ್ತೆ."

ಅದಕ್ಕೆ ಮದ್ದು ಕೊಟ್ಟವಳು ಅವಳೇ. ಕೈ ನಡುಗಿದರೆ ಜೇಬಿನಲ್ಲಿಡಿ, ಬೀಗದಕೈಯೋ ಏನೋ ಹಿಡಿದುಕೊಳ್ಳಿ. ಮಾತು ಬರದಿದ್ದರೆ 'ಸರಿ' ಎಂದು ಒಂದು ಉಸಿರು ತೆಗೆದುಕೊಳ್ಳಿ. ಅವರ ಕಣ್ಣು ನೋಡಲಾಗದಿದ್ದರೆ ತಲೆಯ ಮೇಲಿನ ಏನನ್ನಾದರೂ ನೋಡಿ. ಇಂಜೆಕ್ಷನ್ನಿಗೆ ಹೆದರುವ ರೋಗಿಗೆ ಹೇಳುವಷ್ಟೇ ಮೆಲ್ಲಗೆ ಹೇಳಿದ್ದಳು. ಅವನು ಒಂದನ್ನೂ ಬಿಡದೆ ಪಾಲಿಸಿದ್ದ. ಆ ಮಕ್ಕಳು ಈಗ ಅವನ 'ಸರಿ'ಗೆ ಕಾಯುವಷ್ಟು ಅವನಿಗೆ ಒಗ್ಗಿಕೊಂಡಿದ್ದರು. ಅವಳ ಮಗಳೂ ಅದೇ ದಳದಲ್ಲಿದ್ದಳು.

ಹೆಸರು ಹೇಳಿಲ್ಲವಲ್ಲ ಎಂದು ಸಿಸ್ಟರ್ ಆ ರಾತ್ರಿ ಪಾತ್ರೆ ತೊಳೆಯುತ್ತ ತನಗೆ ತಾನೇ ಹೇಳಿಕೊಂಡಳು. ಅವನೂ ನಕ್ಕನಲ್ಲ. ಒಂದು ಪಾತ್ರೆಯನ್ನೇ ಮತ್ತೆ ಮತ್ತೆ ತಿಕ್ಕುತ್ತಿದ್ದುದನ್ನು ಅತ್ತೆ ಬಾಗಿಲಲ್ಲಿ ನಿಂತು ನೋಡಿದರು.

"ಏನೇ, ಯಾರಿಗೆ ಏನಂದು ಬಂದಿದ್ದೀಯ?"

"ಯಾರಿಗೂ ಏನೂ ಅಂದಿಲ್ಲ ಅತ್ತೆ."

"ಪಾತ್ರೆ ತೂತಾಗುತ್ತೆ ಬಿಡು. ಊರಿಗೆಲ್ಲ ಬ್ಯಾಂಡೇಜ್ ಸುತ್ತುತ್ತೀಯ, ನಿನ್ನ ಬಾಯಿಗೂ ಒಂದು ಸುತ್ತಿಕೊಳ್ಳಬಾರದಾ?"

ಶುಕ್ರವಾರ ಅವಳಿಗೆ ಸಂಜೆಯ ಪಾಳಿ. ಬೇಕಿದ್ದರೆ ಬದಲಾಯಿಸಿಕೊಳ್ಳಬಹುದಿತ್ತು, ಬದಲಾಯಿಸಿಕೊಳ್ಳಲಿಲ್ಲ. ಮನೆಗೆ ಬಂದಾಗ ಮಗಳು ದಳದ ಸ್ಕಾರ್ಫ್ ಕೂಡ ಬಿಚ್ಚದೆ ಮಂಚದ ಮೇಲೆ ಗೋಡೆಗೆ ಮುಖ ಮಾಡಿ ಮಲಗಿದ್ದಳು.

"ಊಟ ಆಯ್ತೇನೇ?"

ಸಿಸ್ಟರ್ ಪಕ್ಕದಲ್ಲಿ ಕೂತು ಅವಳ ಹಣೆ ಮುಟ್ಟಿದಳು. ಮಗಳು ಕೈಯನ್ನು ತಳ್ಳಿದಳು.

"ಜ್ವರ ಇಲ್ಲ ಅಮ್ಮ. ಎಲ್ಲದಕ್ಕೂ ಹಣೆ ಮುಟ್ಟಬೇಡ."

ಆಮೇಲೆ ಗೋಡೆಗೇ ಹೇಳಿದಳು. ಬೇಕರಿಯವನ ಮಗಳೂ ದಳದಲ್ಲಿದ್ದಾಳೆ. ಅವಳಪ್ಪ ಮನೆಯಲ್ಲಿ ಎಲ್ಲವನ್ನೂ ಮಾಡಿ ತೋರಿಸಿದ್ದಾನೆ. ಲಿಫ್ಟಣ್ಣ ಮಾತು ಶುರುಮಾಡಿದ ಕೂಡಲೇ ಅವಳು ಜೇಬಿನಲ್ಲಿ ಸೈಕಲ್ ಬೀಗದಕೈ ಆಡಿಸಿದಳು. ಅವಳ ಪಕ್ಕದವನು ಆಡಿಸಿದ. ಆಮೇಲೆ ಸಾಲಿಗೆ ಸಾಲೇ ಗಲಗಲ. ಯಾರೋ "ಸರಿ" ಎಂದರು. ಎಲ್ಲರೂ "ಸರಿ ಸರಿ" ಎಂದರು.

"ಅವರು ಏನಂದ್ರು?"

"ಜೇಬಿಂದ ಕೈ ಆಚೆ ತೆಗೆದ್ರು. ಹಗ್ಗ ಹಿಡ್ಕೊಂಡಿದ್ರು, ಹಗ್ಗ ಪೂರ್ತಿ ಅಲ್ಲಾಡ್ತಾ ಇತ್ತು. ಆಮೇಲೆ ಮೈದಾನಕ್ಕೆ ಹೋಗಿ ಆಟ ಆಡ್ಕೊಳ್ಳಿ ಅಂದ್ರು. ಮುಂದಿನ ಶುಕ್ರವಾರ ಸೀಟಿ ವಾಪಸ್ ಕೊಟ್ಟು ದಳ ಬಿಟ್ಟುಬಿಡ್ತಾರಂತೆ. ರಜೆಯ ಶಿಬಿರಾನೂ ಇಲ್ಲ."

ನಾಯಕನಿಲ್ಲದ ದಳಕ್ಕೆ ಬೀಗ ಹಾಕುತ್ತಾರೆಂಬುದು ಸಿಸ್ಟರಿಗಿಂತ ಚೆನ್ನಾಗಿ ಯಾರಿಗೂ ಗೊತ್ತಿರಲಿಲ್ಲ. ಆ ಜಾಗಕ್ಕೆ ಬರಬಹುದಾಗಿದ್ದ ಬೇಕರಿಯವನ ತರಬೇತಿ ಮುಗಿಯಲು ಇನ್ನೂ ತಿಂಗಳುಗಳಿದ್ದವು.

"ನಾನೂ ನಕ್ಕೆ ಅಮ್ಮ," ಎಂದಳು ಮಗಳು. "ಎಲ್ಲರ ಜೊತೆ ನಾನೂ ಸರಿ ಸರಿ ಅಂದೆ. ಆಮೇಲೆ ಬೇಕರಿ ಅಂಕಲ್ ಮಗಳು ನನ್ನ ಬೆನ್ನು ತಟ್ಟಿ, ನಿಮ್ಮಮ್ಮ ಸಖತ್ತಾಗಿ ಮಾಡ್ತಾರಂತೆ ಕಣೇ ಅಂದ್ಲು."

ಆ ಭಾನುವಾರದ ಪಾಠದಲ್ಲಿ ಸಿಸ್ಟರ್ ಯಾವ ಗೊಂಬೆಯನ್ನೂ ಕುಣಿಸಲಿಲ್ಲ. ಸುಟ್ಟಗಾಯ, ಹಾವಿನ ಕಡಿತ, ನೀರು ಕಾಯಿಸುವ ಬಗೆ ಎಂದು ನೆಟ್ಟಗೆ ಹೇಳುತ್ತ ಹೋದಳು. "ಇವತ್ತೇನು ಸಿಸ್ಟರ್, ಸಿನಿಮಾ ಇಲ್ವಾ?" ಎಂದ ಬೇಕರಿಯವನು. ಹೇಳಬೇಕಾದ್ದನ್ನು ಹೇಳಲು ಅದಕ್ಕಿಂತ ಒಳ್ಳೆಯ ಗಳಿಗೆ ಇರಲಿಲ್ಲ. ಅವಳು ಬಾಯಿ ತೆರೆದಳು. ಹನ್ನೆರಡು ಹದಿಮೂರು ಮುಖಗಳು ನಗಲು ತಯಾರಾಗಿ ಅವಳನ್ನೇ ನೋಡಿದವು. "ಪುಟ ತಿರುಗಿಸಿ" ಎಂದಳು.

ಮಾರನೆಯ ದಿನ ಆಸ್ಪತ್ರೆಯ ಸ್ಟ್ರೆಚರ್ ಲಿಫ್ಟು ಕೆಟ್ಟು ನಿಂತಿತು. ಅವಳು ಹೋಗುವ ಹೊತ್ತಿಗೆ ನೆಲಮಹಡಿಯ ಬಾಗಿಲನ್ನು ಅರ್ಧ ತೆರೆದು ಅಡ್ಡಕ್ಕೆ ಹಳದಿ ಹಲಗೆ ಇಟ್ಟಿದ್ದರು. ಕೆಳಗಿನ ಗುಂಡಿಯಲ್ಲಿ ಒಂದು ದೀಪ, ಸ್ಪ್ಯಾನರಿನ ಸದ್ದು.

"ಯಾರದು? ಬಾಗಿಲ ಹತ್ರ ನಿಲ್ಲಬೇಡಿ."

"ನಾನು. ಸಿಸ್ಟರ್."

"ಯಾವ ಸಿಸ್ಟರು? ಈ ಕಟ್ಟಡದಲ್ಲಿ ಎಲ್ಲರೂ ಸಿಸ್ಟರುಗಳೇ."

"ತಮಾಷೆ ಮಾಡೋ ಸಿಸ್ಟರು."

ಸ್ಪ್ಯಾನರಿನ ಸದ್ದು ನಿಂತಿತು. ಸ್ವಲ್ಪ ಹೊತ್ತಾದ ಮೇಲೆ ಮತ್ತೆ ಶುರುವಾಯಿತು. ಅವಳು ಹಲಗೆಯ ಮೇಲೆ ಬಾಗಿ, "ತಪ್ಪಾಯ್ತು" ಎಂದಳು. ಮಾತು ಕೆಳಗೆ ಹೋಗಿ, ಗೋಡೆಗಳಿಗೆ ಸವರಿಕೊಂಡು ತೆಳ್ಳಗಾಗಿ ಅವಳ ಕಿವಿಗೇ ಬಂದು ಬಿತ್ತು.

"ಇಲ್ಲಿ ಹೇಳಿದ್ರೆ ಏನು ಬಂತು ಸಿಸ್ಟರ್? ಇಲ್ಲಿರೋದು ನಾನು, ನನ್ನ ಗ್ರೀಸ್ ಡಬ್ಬ."

"ಹಾಗಾದ್ರೆ ಮಕ್ಕಳ ಮುಂದೇನೇ ಹೇಳ್ತೀನಿ. ಶುಕ್ರವಾರ ಬಂದು, ಎಲ್ಲರ ಎದುರಿಗೆ..."

"ಬೇಡ ತಾಯಿ, ಬೇಡ." ಅವನ ದನಿಯಲ್ಲಿ ಮೊದಲ ಸಲ ಅವಸರ ಕೇಳಿಸಿತು. "ನೀವು ನಿಂತು ಮಾತಾಡಿದ್ರೆ ಅದೂ ಒಂದು ನಾಟಕ ಆಗುತ್ತೆ. ಚೆನ್ನಾಗೇ ಮಾಡ್ತೀರ. ಎಲ್ಲರನ್ನೂ ಅಳಿಸಿಬಿಡ್ತೀರ. ಆಮೇಲೆ ಅವರು ನನ್ನ ನೋಡಿ ಅಯ್ಯೋ ಪಾಪ ಅಂತಾರೆ."

ಸಿಸ್ಟರ್‌ಗೆ ಕೆನ್ನೆ ಉರಿಯಿತು. ದಾರಿಯುದ್ದಕ್ಕೂ ಆ ಮಾತುಗಳನ್ನು ಮನಸ್ಸಿನಲ್ಲಿ ಜೋಡಿಸಿಕೊಂಡೇ ಬಂದಿದ್ದಳು. ಎಲ್ಲಿ ನಿಲ್ಲಿಸಬೇಕು, ಎಲ್ಲಿ ದನಿ ಇಳಿಸಬೇಕು ಎಂಬುದು ಸಹ ಗೊತ್ತುಮಾಡಿಕೊಂಡಿದ್ದಳು.

ಅವನು ಏಣಿ ಹತ್ತಿ ಮೇಲೆ ಬಂದ. ಹುಬ್ಬಿನವರೆಗೆ ಮಸಿ. ಹಳೆ ಬಟ್ಟೆಯಲ್ಲಿ ಬೆರಳುಗಳನ್ನು ಒಂದೊಂದಾಗಿ ಒರೆಸಿಕೊಂಡ. ಆ ಕೈ ಇಲ್ಲಿ ಒಂದಿಷ್ಟೂ ನಡುಗುತ್ತಿರಲಿಲ್ಲ.

"ಒಂದು ಕೇಳ್ತೀನಿ. ಬೀಗದಕೈ ಹಿಡ್ಕೊಳ್ಳಿ ಅಂದಿದ್ದು ನೀವು. ಅದನ್ನೂ ಹೇಳಿದ್ರಾ ಅವರಿಗೆ?"

"ಇಲ್ಲ."

"ಹ್ಞೂಂ." ಅವನು ಬಟ್ಟೆಯನ್ನು ಮಡಿಸಿ ಜೇಬಿಗಿಟ್ಟುಕೊಂಡ. "ಶುಕ್ರವಾರ ಬನ್ನಿ. ನಿಮ್ಮ ಜಾಗದಲ್ಲಿ ಕೂತ್ಕೊಳ್ಳಿ. ಬಾಯಿ ಬಿಡಬೇಡಿ. ಅಷ್ಟೇ."

"ಅವರು ಮತ್ತೆ ಹಾಗೇ ಮಾಡಿದ್ರೆ?"

"ಆಗಲೂ."

ಅವನು ಹಲಗೆ ತೆಗೆದು, ಬಾಗಿಲು ಮುಚ್ಚಿ, ಬಟನ್ ಒತ್ತಿದ. ಖಾಲಿ ಲಿಫ್ಟು ನರಳುತ್ತ ಕೆಳಗಿಳಿದು ಬಂದು ಅವರಿಬ್ಬರ ಮುಂದೆ ನಿಂತಿತು. ಅವಳು ಮೆಟ್ಟಿಲು ಹತ್ತಿಕೊಂಡೇ ವಾರ್ಡಿಗೆ ಹೋದಳು.

ಶುಕ್ರವಾರ ಅವಳು ಮಕ್ಕಳಿಗಿಂತ ಮೊದಲೇ ಬಂದು ಹಿಂದಿನ ಬೆಂಚಿನಲ್ಲಿ ಕೂತಳು. ಒಳಗೆ ಬಂದ ಒಬ್ಬೊಬ್ಬರೂ ಅವಳನ್ನು ಕಂಡು ಪಕ್ಕದವರ ಮೊಣಕೈ ತಿವಿದರು. ಕೆಲವರು ಗೆಳೆಯರನ್ನು ನೋಡಿದಂತೆ ನಕ್ಕರು. ಅದು ಅವಳಿಗೆ ಬೈಗುಳಕ್ಕಿಂತ ಕಷ್ಟವಾಯಿತು. ಬೇಕರಿಯವನ ಮಗಳು ಹತ್ತಿರ ಬಂದು, "ಆಂಟಿ, ಒಂದ್ಸಲ ಮಾಡಿ ತೋರ್ಸಿ ಪ್ಲೀಸ್, ಅವರು ಬರೋದ್ರೊಳಗೆ" ಎಂದು ಪಿಸುಗುಟ್ಟಿದಳು. ಸಿಸ್ಟರ್ ತಲೆಯಾಡಿಸಿ ಬೇಡವೆಂದಳು. ಮಗಳು ಅವಳ ಕಡೆ ತಿರುಗದೆ ಮುಂದಿನ ಸಾಲಿನ ತುದಿಯಲ್ಲಿ ಕೂತಳು.

ಲಿಫ್ಟಣ್ಣ ಬಂದ. ಕತ್ತಿನಲ್ಲಿ ಸೀಟಿ, ತೋಳಿನಲ್ಲಿ ಹಗ್ಗದ ಸುರುಳಿ. ಎದುರಿಗೆ ನಿಂತು ಎಡಗಡೆಯ ಜೇಬಿಗೆ ಕೈಹಾಕಿದ.

"ಸರಿ..."

ಎಲ್ಲೋ ಒಂದು ಬೀಗದಕೈ ಗಲಗಲ ಎಂದಿತು. ಇನ್ನೊಂದು ಅದಕ್ಕೆ ಸೇರಿತು. ಸಿಸ್ಟರ್ ನಾಲಿಗೆಯ ತುದಿಗೆ ಮಾತು ಬಂದು ನಿಂತಿತು. ಒಂದೇ ಗದರಿಕೆಗೆ ಇವರನ್ನೆಲ್ಲ ಸುಮ್ಮನಾಗಿಸಬಲ್ಲಳು. ವಾರ್ಡಿನಲ್ಲಿ ಕುಡಿದು ಬಂದವರನ್ನೇ ಸುಮ್ಮನಾಗಿಸಿದ್ದಾಳೆ. ಬೆಂಚಿನ ಅಂಚನ್ನು ಬಿಗಿಯಾಗಿ ಹಿಡಿದುಕೊಂಡಳು.

ಅವನು ಕಾದ. ಆಮೇಲೆ ಸಾಲುಗಳ ನಡುವೆ ನಡೆದು ಹಿಂದಕ್ಕೆ ಬಂದ. ಎಲ್ಲರ ಕತ್ತುಗಳೂ ಅವನ ಜೊತೆಗೇ ತಿರುಗಿದವು. ಬೆಂಚಿನ ಹತ್ತಿರ ನಿಂತು ಜೇಬಿನಿಂದ ಬೀಗದಕೈ ಗೊಂಚಲು ತೆಗೆದು ಅವಳ ಕೈಯಲ್ಲಿಟ್ಟ. ಅದು ಅವನ ಮೈಯ ಬಿಸಿಗೆ ಬೆಚ್ಚಗಿತ್ತು. ಅವನು ಅವಳ ಮುಖ ನೋಡಲಿಲ್ಲ. ಮತ್ತೆ ಮುಂದಕ್ಕೆ ಹೋಗಿ ಹಗ್ಗ ಬಿಡಿಸಿದ. ಹಗ್ಗದ ತುದಿ ನೆಲದ ಮೇಲೆ ಪಟಪಟ ಬಡಿದುಕೊಂಡಿತು.

"ಸರಿ," ಎಂದ. ಈ ಸಲ ಫ್ಯಾನನ್ನು ನೋಡಲಿಲ್ಲ. "ನನ್ನ ಕೈ ನಡುಗುತ್ತೆ. ಎಲ್ಲರೂ ನೋಡಿದ್ದೀರ. ಈ ಗಂಟಿಗೆ ಆ ಕಡೆ ತುದಿ ಗಟ್ಟಿಯಾಗಿ ನಿಲ್ಲಬೇಕು. ಯಾರಾದ್ರೂ ಒಬ್ಬರು ಬಂದು ಹಿಡ್ಕೊಳ್ಳಿ."

ಆಮೇಲೆ ಮುಂದೆಲ್ಲೋ ಒಂದು ಬೆಂಚು ನೆಲಕ್ಕೆ ಉಜ್ಜಿದ ಸದ್ದಾಯಿತು. ಯಾರೋ ಎದ್ದಿದ್ದರು. ಸಿಸ್ಟರ್ ತಲೆಯೆತ್ತಿ ಯಾರೆಂದು ನೋಡಲಿಲ್ಲ. ಮಡಿಲಲ್ಲಿದ್ದ ಬೀಗದಕೈಗಳು ಒಂದಕ್ಕೊಂದು ತಾಗದಂತೆ ಎರಡೂ ಕೈಗಳಲ್ಲಿ ಅದುಮಿ ಹಿಡಿದುಕೊಂಡು ಕೂತಿದ್ದಳು.