ಓಗೊಡದ ಕೋಣೆ

ನರೋಣಾದ ಗೌಂಡಿ ರಾಜೇಸಾಬನಿಗೆ ಹಳೇ ಗೋಡೆಗಳೆಂದರೆ ಮೊದಲಿನಿಂದಲೂ ಆಗಿಬರುವುದಿಲ್ಲ. ಹೊಸ ಗೋಡೆ ಹೇಳಿದ ಮಾತು ಕೇಳುತ್ತದೆ. ಹಳೆಯದು ಹೊಟ್ಟೆಯೊಳಗೆ ಏನಿಟ್ಟುಕೊಂಡಿದೆ ಎಂಬುದನ್ನು ಕಟ್ಟಿದವನೇ ಎದ್ದು ಬಂದು ಹೇಳಬೇಕು. ಆದರೂ ಕಸ್ತೂರಿಬಾಯಿಯ ಮನೆಯ ಕೆಲಸಕ್ಕೆ ಇಲ್ಲವೆನ್ನಲು ಅವನಿಗೆ ಬಾಯಿ ಬರಲಿಲ್ಲ. ಮುದುಕಿ ಮೊಣಕಾಲಿನ ಆಪರೇಷನ್ ಮಾಡಿಸಿಕೊಂಡು ವಾಕರ್ ಹಿಡಿದು ಬಂದಿದ್ದಳು. ಆ ವಾಕರ್ ಒಳಕೋಣೆಯ ಇಕ್ಕಟ್ಟು ಬಾಗಿಲಲ್ಲಿ ತೂರುತ್ತಿರಲಿಲ್ಲ. ದಪ್ಪ ಇಟ್ಟಿಗೆ ಗೋಡೆ ಒಡೆದು ಬಾಗಿಲು ಅಗಲ ಮಾಡಬೇಕು, ಅಷ್ಟೇ. ಅಷ್ಟೇ ಎನ್ನುವ ಕೆಲಸಗಳೇ ಗೌಂಡಿಗಳ ಪ್ರಾಣ ತಿನ್ನುತ್ತವೆ.

ಬೆಳಿಗ್ಗೆ ಬಂದವನೇ ಚೌಕಟ್ಟು ಕಿತ್ತು, ಬಾಗಿಲ ಮೇಲೆ ಗೋಡೆಗೆ ತೂತು ಕೊರೆದು, ಒಂದು ಅಡ್ಡತೊಲೆ ತೂರಿಸಿದ. ಅದರ ಒಂದು ತುದಿಗೆ ಕೋಣೆಯೊಳಗೆ, ಇನ್ನೊಂದಕ್ಕೆ ಪಡಸಾಲೆಯಲ್ಲಿ ಕಂಬ ನಿಲ್ಲಿಸಿ ಟೇಕು ಕೊಟ್ಟ. ಮೇಲಿನ ಗೋಡೆ, ಮಾಳಿಗೆ, ಎಲ್ಲದರ ಭಾರ ಆ ಎರಡು ಕಂಬಗಳ ಮೇಲೆ ಬಂತು. ಆಮೇಲೆ ಕೂಲಿಯ ಪೀರಬಿಯನ್ನು ಕರೆದುಕೊಂಡು ಚಹಾಕ್ಕೆ ಹೋದ.

ಅವರು ತಿರುಗಿ ಬಂದಾಗ ಪಡಸಾಲೆಯಲ್ಲಿ ಯಾರೂ ಇರಲಿಲ್ಲ. ಕಸ್ತೂರಿಬಾಯಿಯ ಮಗ ಕಲ್ಲಿನಾಥ ಕಬ್ಬಿಣದ ತೊಲೆ ತರಲು ಆಳಂದಕ್ಕೆ ಹೊರಟಿದ್ದ. ವಾಕರ್ ಗೋಡೆಗೆ ಒರಗಿತ್ತು. ತಾಯಿಯನ್ನು ಪಕ್ಕದ ಮನೆಯಲ್ಲಿ ಕೂಡಿಸಿ ಹೋಗಿರಬೇಕು ಎಂದುಕೊಂಡ ರಾಜೇಸಾಬ.

"ಒಳಗ ಯಾರರ ಅದೀರೇನ್ರಿ?"

ಉತ್ತರವಿಲ್ಲ. ಇನ್ನೊಮ್ಮೆ ಕೂಗಿದ. ಯಾರೂ ಓ ಅನ್ನಲಿಲ್ಲ. ಒಮ್ಮೆ ತಲೆ ಹಾಕಿ ನೋಡಿದ್ದರೆ ಅವನ ಗಂಟೇನು ಹೋಗುತ್ತಿತ್ತು! ನೋಡಲಿಲ್ಲ. ಉಳಿ ಹಚ್ಚಿ ಇಟ್ಟಿಗೆ ಬಿಚ್ಚತೊಡಗಿದ.

ಮೇಲೆ ಗಚ್ಚು, ಒಳಗೆ ಬರೀ ಮಣ್ಣು. ಒಂದು ಇಟ್ಟಿಗೆ ತೆಗೆದರೆ ಮೂರು ಜಾರಿದವು. ಮಾಳಿಗೆ ಕರಕರ ಎಂದಿತು. ಪಡಸಾಲೆಯ ಟೇಕು ನಿಧಾನವಾಗಿ ವಾಲತೊಡಗಿತು. ರಾಜೇಸಾಬ ಉಳಿ ಬಿಸಾಕಿ ಟೇಕಿಗೆ ಹೆಗಲು ಕೊಟ್ಟ. ಪೀರಬಿಯನ್ನು ಹೊರಗೆ ಕಳಿಸಿ ತಾನೂ ಹಾರಿಬಿಡಬೇಕು ಎನ್ನುವಷ್ಟರಲ್ಲಿ, ಇಟ್ಟಿಗೆ ಕಳಚಿದ ಸಂದಿಯಿಂದ ಒಳಗಿನ ಮೂಲೆ ಕಂಡಿತು.

ಪ್ಲಾಸ್ಟಿಕ್ ಕುರ್ಚಿಯ ಮೇಲೆ ಕಸ್ತೂರಿಬಾಯಿ ಕೂತಿದ್ದಳು. ಹಣೆಯ ತುಂಬ ವಿಭೂತಿ, ಎಡ ಅಂಗೈಯಲ್ಲಿ ಇಷ್ಟಲಿಂಗ, ದೃಷ್ಟಿ ಅದರ ಮೇಲೆ.

ಇವರು ಚಹಾಕ್ಕೆ ಹೋದಾಗ ಮುದುಕಿ ಗೋಡೆ ಹಿಡಿದು, ಮಗ್ಗುಲಾಗಿ ನುಸುಳಿ ಒಳಗೆ ಬಂದಿದ್ದಳು. ನಸುಕಿನಲ್ಲೇ ಮುಗಿಯುತ್ತಿದ್ದ ಪೂಜೆ ಆಪರೇಷನ್ ಆದಮೇಲೆ ಹೊತ್ತೇರಿದ ಮೇಲೆ ನಡೆಯುತ್ತಿತ್ತು. ಪೂಜೆಗೆ ಕೂತರೆ ಆಕೆ ಮಾತಾಡುವುದಿಲ್ಲ, ಏಳುವುದಿಲ್ಲ. ಓಣಿಗೆಲ್ಲ ಗೊತ್ತು.

"ಯವ್ವಾ! ಏಳ್ರೀ! ಗ್ವಾಡಿ ಬೀಳಾಕತ್ತದ!"

ಕಸ್ತೂರಿಬಾಯಿ ಕಣ್ಣು ಕದಲಿಸದೆ ಬಲಗೈ ಎತ್ತಿದಳು. ತಾಳು ಎಂದು.

ರಾಜೇಸಾಬನಿಗೆ ಸಿಟ್ಟೂ ಅಳುವೂ ಒಟ್ಟಿಗೇ ಬಂದವು. ತಾಳಲು ಅವನು ತಯಾರಿದ್ದ, ಟೇಕು ತಯಾರಿರಲಿಲ್ಲ.

"ಪೀರಬಿ, ಒಳಗ ಹೋಗಬೇ! ಎತ್ತಿಕೊಂಡು ಬಾ!"

ಪೀರಬಿ ಎರಡು ಹೆಜ್ಜೆ ಒಳಗಿಟ್ಟು ನಿಂತುಬಿಟ್ಟಳು. "ಪೂಜಿನ್ಯಾಗ ಹ್ಯಾಂಗ ಮುಟ್ಟಲಿ ಭಾಯಿ?"

ಟೇಕು ಇನ್ನಷ್ಟು ಜಾರಿತು. ಒಂದು ಇಟ್ಟಿಗೆ ಮುದುಕಿಯ ಕಾಲಬುಡದಲ್ಲೇ ಬಿದ್ದು ಹೋಳಾಯಿತು. ಆಕೆ ಮಿಸುಕಲಿಲ್ಲ. ಜೀವಕ್ಕೆ ಹೆದರುವ ಹೆಂಗಸಲ್ಲ ಅವಳು, ಸಾವಿನ ಮಾತೆತ್ತಿದರೆ ನಗುವವಳು. ಹಾಗಾದರೆ ಯಾವುದಕ್ಕೆ ಹೆದರುತ್ತಾಳೆ?

"ಯವ್ವಾ, ನಿಮ್ಮ ಸಲವಾಗಿ ಅಲ್ರಿ! ಲಿಂಗಕ್ಕ ಪೆಟ್ಟಾಗ್ತದ್ರಿ! ಮಣ್ಣಾಗ ಮುಚ್ಚಿ ಹೋಗ್ತದ್ರಿ!"

ಎಡಗೈಯ ಬೆರಳುಗಳು ಫಕ್ಕನೆ ಮುಚ್ಚಿಕೊಂಡವು. ಮುಷ್ಟಿಯನ್ನು ಎದೆಗೊತ್ತಿಕೊಂಡು ಕಸ್ತೂರಿಬಾಯಿ ಬಲಗೈಯನ್ನು ಪೀರಬಿಯ ಕಡೆ ಚಾಚಿದಳು. ಪೀರಬಿ ಬಾಚಿ ತಬ್ಬಿ ಎಬ್ಬಿಸಿದಳು. ಆಪರೇಷನ್ನಿನ ಕಾಲು ಮಡಚಲೊಲ್ಲದು. ಎಳೆದು ಎಳೆದು ಇಡಬೇಕು. ರಾಜೇಸಾಬನ ಹೆಗಲಿನ ಚರ್ಮ ಸುಲಿದು ಅಂಗಿ ಒದ್ದೆಯಾಗಿತ್ತು. ಅವನು ಮೇಲೆ ನೋಡಲಿಲ್ಲ, ಆ ಕಾಲನ್ನೇ ನೋಡುತ್ತಿದ್ದ. ಇಬ್ಬರೂ ಅವನ ಮಗ್ಗುಲಿನಿಂದ ದಾಟಿ ಅಂಗಳಕ್ಕಿಳಿದರು. ಆಗ ಟೇಕು ಬಿಟ್ಟು ಹೊರಗೆ ಹಾರಿದ.

ಬಾಗಿಲ ಮೇಲಿನ ಗೋಡೆ ಮಾಳಿಗೆಯ ಒಂದು ಮೂಲೆಯನ್ನು ಎಳೆದುಕೊಂಡು ಕುಸಿಯಿತು. ಕುರ್ಚಿ ಅದರಡಿ ಎಲ್ಲಿ ಹೋಯಿತೋ ಕಾಣಲಿಲ್ಲ.

ಧೂಳು ಇಳಿದಾಗ ಕಸ್ತೂರಿಬಾಯಿ ಅಂಗಳದ ಕಟ್ಟೆಯ ಮೇಲೆ ಕೂತು, ಅಂಗೈ ಬಿಡಿಸಿ, ಲಿಂಗದ ಮೇಲಿನ ಧೂಳನ್ನು ಸೆರಗಿನಿಂದ ಒರೆಸಿದಳು. ಅದನ್ನು ಕೊರಳಿಗೆ ಕಟ್ಟಿಕೊಂಡ ಮೇಲೆಯೇ ಬಾಯಿ ತೆರೆದಳು.

"ಎರಡ ಸರ್ತಿ ಕರದಿ. ಎರಡೂ ಕೇಳಿಸ್ಯಾವ."

"ಒಂದ ಸಲ ಓ ಅಂದಿದ್ರ ಏನಾಗತಿತ್ರೀ ಯವ್ವಾ?" ಎಂದ ರಾಜೇಸಾಬ.

"ನೀ ನಮಾಜಿಗೆ ನಿಂತಾಗ ಯಾರರ ಕರದರ ಓ ಅಂತೀಯೇನು?"

ಆಕೆ ಬೈಯಲು ಕೇಳಿದ್ದಲ್ಲ, ಸುಮ್ಮನೆ ಕೇಳಿದ್ದು. ನಮಾಜಿಗೆ ನಿಂತರೆ ರಾಜೇಸಾಬ ಓ ಅನ್ನುವುದಿಲ್ಲ. ದಿನಾ ಐದು ಹೊತ್ತು ಹಾಗೆ ಬಾಯಿ ಕಟ್ಟಿಕೊಂಡು ನಿಲ್ಲುವವನಿಗೆ, ಓಗೊಡದ ಕೋಣೆಯೆಲ್ಲ ಖಾಲಿ ಕೋಣೆಯಲ್ಲ ಎಂದು ಯಾರೂ ಹೇಳಿಕೊಡಬೇಕಿರಲಿಲ್ಲ. ಮಣ್ಣು ಮೆತ್ತಿದ ಕೈಗಳಲ್ಲಿ ಮುಖ ಮುಚ್ಚಿಕೊಂಡು, ಪೀರಬಿ ನೋಡುತ್ತಿದ್ದಾಳೆ ಎಂಬುದನ್ನೂ ಲೆಕ್ಕಿಸದೆ, ಅವನು ಅತ್ತುಬಿಟ್ಟ.