ನಾಲ್ಕು ಬೆರಳು ಮೇಲೆ

ದೋಣಿಯ ಪಕ್ಕೆಯನ್ನು ಉಳಿ ಹಿಡಿದು ಹೆರೆಯುತ್ತಿದ್ದ ಚಿಕ್ಕ. ಕಪ್ಪು ಬಣ್ಣದ ಚಕ್ಕೆಗಳು ಅವನ ಮೊಣಕಾಲ ಮೇಲೆ ಉದುರುತ್ತಿದ್ದವು. ಹತ್ತು ಮಾರು ಆಚೆ ಅವನಪ್ಪ ಮಲ್ಲನ ಹೆಣ ಹಳೇ ಹಾಯಿಬಟ್ಟೆ ಹೊದ್ದು ಬಿದಿರಿನ ಚಟ್ಟದ ಮೇಲೆ ಮಲಗಿತ್ತು. ಗುಂಡಿ ತೋಡಿದ್ದು ಕಾವೇರಿಯ ಆಚೆ ದಡದಲ್ಲಿ.

"ಹೆಣ ಇಟ್ಕೊಂಡು ಇದೆಂಥ ಕೆಲಸನೋ?" ಅತ್ತೆ ಕೆಂಚಿ ಗದರಿದಳು.

"ಅಪ್ಪನ ಕೆಲಸನೇ ಅತ್ತೆ. ಒಂದು ಬಾಕಿ ಉಂಟು."

ಅತ್ತಿಮರದ ಕೆಳಗೆ ಆರು ಮನೆಯವರು ಬೇರೆಯಾಗಿ ನಿಂತಿದ್ದರು. ಹನ್ನೆರಡು ವರ್ಷದ ಹಿಂದೆ ಇದೇ ದೋಣಿ ಮಗುಚಿ ಏಳು ಜನ ಸತ್ತಾಗ ಆ ಆರು ಮನೆಗಳಿಂದ ಒಂದೊಂದು ಹೆಣ ಹೊರಟಿತ್ತು. ಏಳನೆಯದು ಚಿಕ್ಕನ ಅವ್ವ ಸಿದ್ದಿಯದು. ಎಸ್ಟೇಟಿನ ಲೈನುಮನೆಗಳಲ್ಲಿ ಯಾರು ಸತ್ತರೂ ಮನೆಗೊಬ್ಬರು ಹೋಗಿ ಗುಂಡಿಗೆ ಒಂದು ಹಿಡಿ ಮಣ್ಣು ಹಾಕಬೇಕು. ಹಾಕದಿದ್ದರೆ ಸತ್ತವನ ಮೇಲೆ ಹಗೆ ಉಳಿಯಿತೆಂದೇ ಅರ್ಥ. ಈ ಆರು ಮನೆಯವರು ಇವತ್ತು ಬಂದದ್ದು, ತಾವು ಮಣ್ಣು ಹಾಕುವವರಲ್ಲ ಎಂದು ಎಲ್ಲರಿಗೂ ಕಾಣಲಿ ಅಂತ.

ಚಿಕ್ಕ ಅವರತ್ತ ನೋಡಲಿಲ್ಲ. ಹಲ್ಲು ಕಚ್ಚಿ ಹೆರೆದ. ಕೊನೆಗೆ ಉಳಿಯ ತುದಿ ಸಣ್ಣದೊಂದು ಗೀರಿಗೆ ಸಿಕ್ಕಿ ನಿಂತಿತು. ಅಪ್ಪ ಸಾಯುವ ಮುಂಚೆ ಹೇಳಿದ್ದು ಸುಳ್ಳಾಗಿರಲಿಲ್ಲ.

*

ಎಸ್ಟೇಟಿನ ಬಿಳಿ ದೊರೆ ಆ ಹಾಯಿದೋಣಿಯನ್ನು ಮಂಗಳೂರಿನಲ್ಲಿ ಮಾಡಿಸಿ ಎತ್ತಿನ ಗಾಡಿಯ ಮೇಲೆ ತರಿಸಿದ್ದ. ನೀರಿಗೆ ಇಳಿಸುವ ಮೊದಲು ಬಡಗಿ ಅದರ ಸುತ್ತಲೂ ಉಳಿಯಿಂದ ಒಂದು ಗೀರು ಕೊರೆದು, ಗೀರಿನ ಮೇಲಕ್ಕೆ ಎರಡು ಬೆರಳಗಲ ಕೆಂಪು ಪಟ್ಟಿ ಬಳಿದು, ದೋಣಿ ನಡೆಸಬೇಕಾದ ಮಲ್ಲನಿಗೆ ಹೇಳಿಕೊಟ್ಟಿದ್ದ. ಕೆಂಪು ಸುತ್ತಲೂ ಕಂಡರೆ ಭಾರ ಸರಿ. ಒಂದು ಕಡೆ ಮುಳುಗಿದರೆ ಜನರನ್ನು ಆಚೀಚೆ ಕೂರಿಸು. ಸುತ್ತಲೂ ಮುಳುಗಿದರೆ ಇಳಿಸು.

ಮಲ್ಲ ವರ್ಷಕ್ಕೊಮ್ಮೆ ದೋಣಿಯನ್ನು ದಡಕ್ಕೆಳೆದು, ಪಾಚಿ ಹೆರೆದು, ಮರಳಿನಿಂದ ಉಜ್ಜಿ, ದಾರ ಹಿಡಿದು ಪಟ್ಟಿ ಬಳಿಯುತ್ತಿದ್ದ. ಹೆಂಡತಿಯ ಹಣೆಗೂ ಅಷ್ಟು ನೇರವಾಗಿ ಕುಂಕುಮ ಇಟ್ಟವನಲ್ಲ ಎಂದು ಸಿದ್ದಿ ನಗುತ್ತಿದ್ದಳು.

ಹಲಗೆಗಳು ನೀರು ಕುಡಿದು ದೋಣಿ ಭಾರವಾಯಿತು. ನಾಲ್ಕು ಜನ ಕೂತರೂ ಕೆಂಪು ನೀರಿಗೆ ಇಳಿಯತೊಡಗಿತು. ತಿಂಗಳು ಒಣಗಿಸಬೇಕು ಎಂದು ಮಲ್ಲ ಕೇಳಿಕೊಂಡ. ಕಾಫಿ ಹಣ್ಣಿನ ಪಿಕಿಂಗ್ ಶುರುವಾಗಿತ್ತು, ಬಿದಿರಿನ ತೆಪ್ಪ ಹೊಳೆಪಾಲಾಗಿತ್ತು, ಆಳುಗಳನ್ನು ದಾಟಿಸಲು ಬೇರೆ ದೋಣಿ ಇರಲಿಲ್ಲ. ಎಸ್ಟೇಟಿನ ಲೆಕ್ಕ ಬರೆಯುವ ರೈಟರ್ ಗುರುವಪ್ಪ ಒಂದೇ ಮಾತು ಹೇಳಿದ್ದ: "ದೋಣಿ ಎತ್ತಬೇಡ, ಪಟ್ಟಿ ಎತ್ತು." ಮಲ್ಲ ಗೀರಿಗೂ ಹಳೇ ಕೆಂಪಿಗೂ ಕಪ್ಪು ಬಳಿದು, ಗೀರಿಗಿಂತ ನಾಲ್ಕು ಬೆರಳು ಮೇಲೆ ಹೊಸ ಕೆಂಪು ಎಳೆದ.

ಮರುದಿನ ರೈಟರೇ ದಡದಲ್ಲಿ ನಿಂತು, ಕೆಂಪು ಪೂರ್ತಿ ಕಾಣುತ್ತದೆಂದು ತೋರಿಸಿ ತೋರಿಸಿ ಜನರನ್ನು ಹತ್ತಿಸಿದ. ನಡುಹೊಳೆಯಲ್ಲಿ ದೋಣಿ ಮಗುಚಿತು.

ಮಡಿಕೇರಿಯಲ್ಲಿ ವಿಚಾರಣೆ ನಡೆಯಿತು. ಬಿಳಿ ಸಾಹೇಬನಿಗೆ ಕನ್ನಡ ಬಾರದು. ಮಲ್ಲನ ಮಾತನ್ನೆಲ್ಲ ಇಂಗ್ಲಿಷಿಗೆ ದಾಟಿಸಿದವನು ಗುರುವಪ್ಪ. ಪಟ್ಟಿ ಬಳಿದದ್ದು ನಾನೇ ಎಂದು ಮಲ್ಲ ಹೇಳಿದ್ದಷ್ಟೇ ಆಚೆ ದಡ ಸೇರಿತು. ಯಾರು ಬಳಿಸಿದರು ಎಂಬುದು ರೈಟರನ ಬಾಯಲ್ಲೇ ಮುಳುಗಿತು. ಹೆಂಡತಿಯ ತಿಂಗಳ ತಿಥಿ ಬರುವ ಹೊತ್ತಿಗೆ ಮಲ್ಲ ಜೈಲಿನಲ್ಲಿದ್ದ.

ತಿರುಗಿ ಬಂದ ಮೇಲೆ ದೋಣಿ ಒಣಗಿಸಿ ಸಂದುಗಳಿಗೆ ನಾರು ತುಂಬಿದ. ಪಟ್ಟಿಯನ್ನು ಕೆಳಗಿಳಿಸಲು ಮಾತ್ರ ರೈಟರ್ ಬಿಡಲಿಲ್ಲ. ಇಳಿಸಿದರೆ, ಅದು ಏರಿದ್ದು ಹೇಗೆಂದು ಯಾರಾದರೂ ಕೇಳಿಯಾರು.

*

ಬಿಸಿಲೇರಿದಾಗ ಗುರುವಪ್ಪ ಬಂದ. ಬಿಳಿ ಪಂಚೆ, ಕರಿ ಕೋಟು, ಕೈಯಲ್ಲಿ ಕೊಡೆ. ಹೆಣ ದಾಟಿಸಲು ದೋಣಿ ಕೊಟ್ಟದ್ದು ದೊರೆಯ ದೊಡ್ಡ ಮನಸ್ಸು, ಜೊತೆಗೆ ಹೋಗಿ ಜೋಪಾನವಾಗಿ ವಾಪಸು ತರಬೇಕೆಂದು ತನಗೆ ಅಪ್ಪಣೆಯಾಗಿದೆ ಎಂದು ಎಲ್ಲರಿಗೂ ಕೇಳುವಂತೆ ಹೇಳಿದ. ಮರದ ಕೆಳಗಿನವರತ್ತ ತಿರುಗಿ, ಸತ್ತವನ ಕೈತಪ್ಪನ್ನು ಇನ್ನಾದರೂ ಮರೆತುಬಿಡಿ ಎಂದೂ ಸೇರಿಸಿದ.

ಉಳಿ ಚಿಕ್ಕನ ಮುಷ್ಟಿಯಲ್ಲೇ ಇತ್ತು. ಒಂದು ಹೆಜ್ಜೆ ಇಟ್ಟರೆ ಸಾಕು, ಆ ಕರಿ ಕೋಟಿನ ಗುಂಡಿ ಮುಟ್ಟುತ್ತಿತ್ತು. ಅವನು ಉಳಿಯನ್ನು ಸೊಂಟಕ್ಕೆ ಸಿಕ್ಕಿಸಿ, ದೋಣಿಯನ್ನು ಮೊಣಕಾಲುದ್ದದ ನೀರಿಗೆ ತಳ್ಳಿದ. ಹೆಣ ಮಲಗಿಸಿದರು. ಕೆಂಚಿ ಹತ್ತಿದಳು, ಅಪ್ಪನ ಗೆಳೆಯ ಸೋಮಿ ಹತ್ತಿದ, ಚಟ್ಟ ಹೊತ್ತ ನಾಲ್ವರು ಹತ್ತಿದರು. ನೀರು ಮೆಲ್ಲಗೆ ಏರಿ, ಹೆರೆದ ಮರದಲ್ಲಿ ಕಾಣುತ್ತಿದ್ದ ಹಳೇ ಗೀರನ್ನು ಮುಟ್ಟಿ ನಿಂತಿತು.

ರೈಟರನ ಕಣ್ಣು ಆ ಗೀರಿನ ಮೇಲೆ ಬಿತ್ತು. ಪಂಚೆ ಎತ್ತಿಕೊಂಡು ನೀರಿಗಿಳಿದಿದ್ದವನು ಅಲ್ಲೇ ನಿಂತ.

"ಹತ್ತಿ ಅಯ್ಯ," ಎಂದ ಚಿಕ್ಕ.

"ತುಂಬ್ತಲ್ಲೋ. ನಾನು ಎರಡನೇ ಸಲಕ್ಕೆ ಬರ್ತೇನೆ."

"ಎಲ್ಲಿ ತುಂಬ್ತು?" ಚಿಕ್ಕ ಗೀರಿನ ಮೇಲೆ ಕೈ ಅಡ್ಡ ಇಟ್ಟ. ನಾಲ್ಕು ಬೆರಳಿನ ಮೇಲೆ ಸರಿಯಾಗಿ ಕೂತಿತ್ತು ಕೆಂಪು ಪಟ್ಟಿ. "ಇದು ಬಡಗಿ ಕೊರೆದ ಗೆರೆ. ಮೇಲಿನದು ನೀವು ಅಪ್ಪನ ಕೈಲಿ ಬಳಿಸಿದ್ದು. ನಿಮ್ಮ ಗೆರೆ ಮುಟ್ಟಕ್ಕೆ ಇನ್ನೂ ನಾಲ್ಕು ಬೆರಳು ಉಂಟು. ಹತ್ತಿ."

"ಸಾಯ್ಬೇಕೇನೋ ನಾನು?"

ಮಾತು ಬಾಯಿ ದಾಟಿದ ಮೇಲೆ ಅವನು ಮರದ ಕೆಳಗಿನವರತ್ತ ತಿರುಗಿದ.

ಅತ್ತಿಮರದ ಕೆಳಗಿನಿಂದ ಮುದುಕಿ ಗಂಗೆ ಇಳಿದು ಬಂದಳು. ಅವಳ ಒಬ್ಬನೇ ಮಗ ದೋಣಿ ಮಗುಚಿದ ದಿನ ಹೋಗಿದ್ದ. ಬಗ್ಗಿ ಗೀರನ್ನು ಬೆರಳಿನಿಂದ ಸವರಿದಳು, ಆಮೇಲೆ ಕೆಂಪನ್ನು.

"ಕೆಂಪು ಪೂರ್ತಿ ಕಾಣ್ತದೆ, ಹತ್ತು," ಎಂದಳು ರೈಟರನಿಗೆ. "ಅವತ್ತು ನನ್ನ ಮಗ ಹಿಂದೆಮುಂದೆ ನೋಡಿದಾಗ ನೀನು ಹಿಂಗೇ ಹೇಳಿದ್ದೆ. ಹತ್ತಯ್ಯ."

ಅವನು ಹತ್ತಲಿಲ್ಲ. ಗಂಗೆ ದಡದಿಂದ ಒಂದು ಹಿಡಿ ಮಣ್ಣು ತೆಗೆದು ಚಿಕ್ಕನ ಬೊಗಸೆಗೆ ಸುರಿದಳು. ಅವಳ ಹಿಂದೆ ಉಳಿದ ಐದು ಮನೆಯವರೂ ಒಬ್ಬೊಬ್ಬರಾಗಿ ಬಂದು ಸುರಿದರು. ಚಿಕ್ಕ ಅದನ್ನೆಲ್ಲ ಅಪ್ಪನ ಕಾಲ ಬಳಿ ಇಟ್ಟ. ಹೊರೆ ಹೆಚ್ಚಾಗದಂತೆ ಚಟ್ಟ ಹೊತ್ತವರಲ್ಲಿ ಒಬ್ಬನನ್ನು ಇಳಿಸಿ, ತಾನು ಹತ್ತಿ ಹಾಯಿ ಬಿಚ್ಚಿದ.

ಅವನು ತಿರುಗಿ ನೋಡಿದ್ದು ನಡುಹೊಳೆಯಲ್ಲಿ, ಅವ್ವ ಮುಳುಗಿದ ಜಾಗದಲ್ಲಿ. ಆರು ಮನೆಯವರು ದಡದುದ್ದಕ್ಕೂ ಹೆಗಲಿಗೆ ಹೆಗಲು ಸೇರಿಸಿ ನಿಂತಿದ್ದರು. ರೈಟರ್ ಆ ಕಡೆಯಿಂದ ದಡ ಹತ್ತಲು ನೋಡಿದ, ಈ ಕಡೆಯಿಂದ ನೋಡಿದ. ಯಾರೂ ಅವನನ್ನು ಮುಟ್ಟಲಿಲ್ಲ, ಯಾರೂ ಜರುಗಲೂ ಇಲ್ಲ. ಹಿಂದೆ ಹಿಂದೆ ಸರಿದು ಅವನು ಹೊಳೆಯಲ್ಲೇ ನಿಂತಿದ್ದ. ಬಿಳಿ ಪಂಚೆಯ ಮೇಲೆ ಕೆಸರುನೀರಿನ ಗೆರೆ ತೊಡೆಯನ್ನು ದಾಟಿ, ಸೊಂಟಕ್ಕೆ ನಾಲ್ಕು ಬೆರಳು ಕೆಳಗಿತ್ತು.