ಒಂದೇ ಮನೆಯ ಎರಡು ಗಂಗಳ

ನಮ್ಮ ಹಳ್ಳಿಗಳಲ್ಲಿ ಮೈ ತುಂಬಿಕೊಂಡವರನ್ನು ಕಂಡರೆ ‘ಸುಖವಾಗಿದ್ದಾನೆ’ ಅನ್ನುತ್ತೇವೆ. ನಾಲ್ಕು ಹೆಜ್ಜೆ ನಡೆದು ಏದುಸಿರು ಬಿಟ್ಟರೆ ಗಾಳಿ ಸೋಕಿರಬೇಕು ಅನ್ನುತ್ತೇವೆ. ಮಂಡಿ ಹಿಡಿದುಕೊಂಡರೆ ವಾಯು ಅನ್ನುತ್ತೇವೆ. ಉಣ್ಣುವ ಗಂಗಳದ ಕಡೆ ಮಾತ್ರ ಯಾರೂ ನೋಡುವುದಿಲ್ಲ. ಪಿಲ್ಲಗುಂಪೆಯ ಗಂಗಣ್ಣನ ಮನೆಯಲ್ಲೂ ಯಾರೂ ನೋಡಲಿಲ್ಲ.

ಗಂಗಣ್ಣ ಹೊಸಕೋಟೆಯ ಗರಡಿಯಲ್ಲಿ ಸಾಮು ಮಾಡಿ ಹೆಸರು ತೆಗೆದ ಪೈಲ್ವಾನ. ಕೋಳಿ ಕೂಗುವ ಹೊತ್ತಿಗೆ ಎದ್ದು ದಂಡೆ, ಬಸ್ಕಿ ಹೊಡೆಯುತ್ತಿದ್ದ. ಅಖಾಡದ ಮಣ್ಣು ಮೈಗೆ ಮೆತ್ತಿಕೊಂಡು ಬಂದವನೇ ನೇಗಿಲು ಹಿಡಿಯುತ್ತಿದ್ದ. ಅಷ್ಟು ದುಡಿಯುವ ಮೈಗೆ ಅಷ್ಟೇ ಊಟ ಬೇಕಿತ್ತು. ತಾಯಿ ಮಾರಕ್ಕ ಎದುರಿಗೆ ಕೂತು ಮುದ್ದೆಯ ಮೇಲೆ ಮುದ್ದೆ ಇಕ್ಕುತ್ತಿದ್ದಳು, ಮಗ ಉಣ್ಣುವುದನ್ನು ನೋಡಿಯೇ ಅವಳ ಹೊಟ್ಟೆ ತುಂಬುತ್ತಿತ್ತು.

ಒಂದು ಕುಸ್ತಿಯಲ್ಲಿ ಎದುರಾಳಿ ಎತ್ತಿ ಒಗೆದಾಗ ಗಂಗಣ್ಣನ ಮಂಡಿ ಮುರಿಯಿತು. ನಾಟಿ ವೈದ್ಯರು ಕಟ್ಟು ಹಾಕಿದರು. ಮೂಳೆ ಕೂಡಿತು, ಆದರೆ ಕಾಲು ಸರಿಯಾಗಿ ಮಡಿಸಲು ಬರಲಿಲ್ಲ. ಗರಡಿ ಬಿಟ್ಟಿತು. ನೇಗಿಲೂ ಬಿಟ್ಟಿತು. ಊಟ ಒಂದು ಬಿಡಲಿಲ್ಲ.

ಅದಕ್ಕೆ ಹಸಿವು ಕಾರಣವಲ್ಲ. ಜಗಲಿಯ ಮೇಲೆ ಕೂತ ಗಂಗಣ್ಣನಿಗೆ ತಾನು ಇನ್ನು ಯಾರಿಗೂ ಬೇಡ ಅನ್ನಿಸುತ್ತಿತ್ತು. ಗಂಗಳದ ಮುಂದೆ ಕೂತಾಗ ಮಾತ್ರ ಅವನು ಇನ್ನೂ ಪೈಲ್ವಾನ. ತಾಯಿ ‘ಉಣ್ಣು ಪೈಲ್ವಾನ್’ ಅಂದರೆ ಎದೆ ತುಂಬಿ ಬರುತ್ತಿತ್ತು. ವರ್ಷ ಕಳೆಯುವಷ್ಟರಲ್ಲಿ ಎದೆ ಜೋತಿತು, ಹೊಟ್ಟೆ ತೊಡೆಯ ಮೇಲೆ ಬಂದು ಕೂತಿತು. ಕೆಟ್ಟ ಮಂಡಿ ಆ ಭಾರ ಹೊರಲಾರದೆ ಇನ್ನಷ್ಟು ಕೆಟ್ಟಿತು.

ಜೊತೆಯಲ್ಲಿ ಗರಡಿಗೆ ಹೋಗುತ್ತಿದ್ದ ನೆರೆಮನೆಯ ಬೈಲಪ್ಪ ಒಂದು ಸಲ ಹೇಳಿದ: “ಲೇ ಗಂಗಾ, ನಾನೂ ಸಾಮು ಬಿಟ್ಟೆ. ಬಿಟ್ಟ ತಿಂಗಳಿಂದ್ಲೇ ಊಟ ಇಳಿಸ್ದೆ ಕಣ್ಲಾ. ಕೆಲಸ ಇಲ್ದ ಮೈಗೆ ಅಷ್ಟು ಯಾಕ್ಲಾ?”

“ನೀನು ಎಷ್ಟಾದ್ರೂ ಬಡಕಲ. ಇದು ಗರಡಿ ಮೈ. ಊಟ ಬಿಟ್ರೆ ಬಿದ್ದೋಗ್ತದೆ.”

“ಈಗೇನು ಎದ್ದು ನಿಂತೈತಾ?” ಅಂದ ಬೈಲಪ್ಪ. ಗಂಗಣ್ಣ ಅವನ ಜೊತೆ ಮಾತು ಬಿಟ್ಟ.

ಅದು ಯುದ್ಧದ ಕಾಲ. ಸರ್ಕಾರದವರು ಕಣದಲ್ಲೇ ರಾಗಿ ಅಳೆದುಕೊಂಡು ಹೋಗುತ್ತಿದ್ದರು. ಮನೆಗೆಂದು ಉಳಿದದ್ದು ಮುಂದಿನ ಸುಗ್ಗಿಯವರೆಗೆ ಬರಬೇಕಿತ್ತು. ಮಾರಕ್ಕ ಮಗನ ಮುದ್ದೆ ಒಂದನ್ನೂ ಕಡಿಮೆ ಮಾಡಲಿಲ್ಲ. ಅವಳೇ ಒಂದು ಹೊತ್ತು ಬಿಟ್ಟಳು. ಸೊಸೆ ಮುನಿಲಕ್ಷ್ಮಮ್ಮ ಎಲ್ಲರಿಗೂ ಇಕ್ಕಿದ ಮೇಲೆ ಮಡಕೆಯಲ್ಲಿ ಉಳಿದದ್ದನ್ನು ಒಲೆಯ ಮುಂದೆ ಕೂತು ಉಣ್ಣುತ್ತಿದ್ದಳು. ಉಳಿದದ್ದು ಎಷ್ಟು ಅಂತ ಗಂಗಣ್ಣ ಒಂದು ದಿನವೂ ತಿರುಗಿ ನೋಡಲಿಲ್ಲ. ಮುನಿಲಕ್ಷ್ಮಮ್ಮ ಆಗ ಬಾಣಂತಿತನ ಮುಗಿಸಿ ಎದ್ದಿದ್ದಳು. ಮಡಿಲಲ್ಲಿ ಹೆಣ್ಣುಕೂಸು. ಊರದೇವತೆಯ ಹೆಸರನ್ನೇ ಹಿಡಿದು ಸಪ್ಪಲಮ್ಮ ಅಂತ ಕರೆದಿದ್ದರು.

ಕೂಸು ಎದೆ ಕಚ್ಚಿ ಎಳೆಯುತ್ತಿತ್ತು, ಬಿಟ್ಟು ಅಳುತ್ತಿತ್ತು, ಮತ್ತೆ ಕಚ್ಚುತ್ತಿತ್ತು. “ಅತ್ತೆ, ಹಾಲು ಸಾಲ್ತಿಲ್ಲ ಅನ್ನಿಸ್ತದೆ,” ಅಂದಳು ಮುನಿಲಕ್ಷ್ಮಮ್ಮ.

“ಎಲ್ಲಾ ಕೂಸೂ ಅಳ್ತದೆ. ದೃಷ್ಟಿ ತೆಗೀತೀನಿ ಬಿಡು,” ಅಂದಳು ಮಾರಕ್ಕ.

ದೃಷ್ಟಿ ತೆಗೆದರು. ಕೂಸಿನ ಕೆನ್ನೆ ಒಳಗೆ ಹೋಯಿತು. ಮನೆಯಲ್ಲಿದ್ದ ಎಮ್ಮೆಯ ಹಾಲು ಪೈಲ್ವಾನನ ಚೊಂಬಿಗೆ ಹೋಗುತ್ತಲೇ ಇತ್ತು. ಒಂದು ಬೆಳಿಗ್ಗೆ ಮುನಿಲಕ್ಷ್ಮಮ್ಮ ರಾಗಿ ಬೀಸುತ್ತಿದ್ದವಳು ಬೀಸುವ ಕಲ್ಲಿನ ಮೇಲೇ ಕುಸಿದಳು. ಅದೇ ದಿನ ಕೂಸಿಗೆ ಭೇದಿ ಹಿಡಿಯಿತು.

ಮಾತು ಬಿಟ್ಟಿದ್ದ ಬೈಲಪ್ಪನೇ ಗಾಡಿ ಕಟ್ಟಿದ. ಎಲ್ಲರೂ ಹೊಸಕೋಟೆಗೆ ಹೊರಟರು. ದಾರಿಯ ಏರಿನಲ್ಲಿ ಎತ್ತು ನಿಂತುಬಿಟ್ಟವು. ಬೈಲಪ್ಪ ಹಿಂದೆ ತಿರುಗಿ ನೋಡಿದ. ಗಂಗಣ್ಣ ಇಳಿದ. ಏರು ಮುಗಿಯುವ ತನಕ ಗಾಡಿಯ ಹಿಂದೆ ಕಾಲೆಳೆಯುತ್ತಾ, ಬಾಯಲ್ಲಿ ಉಸಿರು ಬಿಡುತ್ತಾ ನಡೆದ. ತನ್ನ ಭಾರಕ್ಕೆ ಕೂಸು ಆಸ್ಪತ್ರೆ ಸೇರುವುದು ತಡವಾಗುತ್ತಿದೆ ಅನ್ನುವುದು ಅವನಿಗೆ ಗೊತ್ತಾಗುತ್ತಿತ್ತು.

ಆಸ್ಪತ್ರೆಯಲ್ಲಿ ಲೇಡಿ ಡಾಕ್ಟರೊಬ್ಬರು ಇದ್ದರು. ಊರಿನವರೆಲ್ಲ ಡಾಕ್ಟ್ರಮ್ಮ ಅಂತಲೇ ಕರೆಯುತ್ತಿದ್ದರು. ಅವರು ಮೈಯ ನೀರು ಎಷ್ಟು ಬತ್ತಿದೆ ಅಂತ ಕೂಸಿನ ಹೊಟ್ಟೆಯ ಚರ್ಮ ಹಿಡಿದು ಬಿಟ್ಟು ನೋಡಿದರು. ಕುದಿಸಿ ಆರಿಸಿದ ನೀರಿಗೆ ಉಪ್ಪು, ಸಕ್ಕರೆ ಬೆರೆಸಿ ಚಮಚದಲ್ಲಿ ಹಾಕಲು ನರ್ಸಿಗೆ ಹೇಳಿದರು. ಆಮೇಲೆ ತಾಯಿಯ ಕಣ್ಣು, ನಾಲಿಗೆ ನೋಡಿದರು. ಬಾಗಿಲ ತುಂಬ ನಿಂತಿದ್ದ ಗಂಗಣ್ಣನ ಕಡೆ ತಿರುಗಿದರು.

“ನೀವು ಇವಳ ಯಜಮಾನ್ರಾ? ನಿನ್ನೆ ಬೆಳಗಿಂದ ಏನೇನು ತಿಂದ್ರಿ, ಹೇಳಿ.”

ಯಾಕೆ ಕೇಳುತ್ತಾರೆ ಅಂತ ಗಂಗಣ್ಣನಿಗೆ ತಿಳಿಯಲಿಲ್ಲ. ಹೇಳಿದ. ಬೆಳಿಗ್ಗೆ ಎರಡು ಮುದ್ದೆ, ಚೊಂಬು ಹಾಲು. ಮಧ್ಯಾಹ್ನ ಮೂರು ಮುದ್ದೆ, ತುಪ್ಪ. ಸಂಜೆ ಕಡಲೆಕಾಯಿ, ಬೆಲ್ಲ. ರಾತ್ರಿ ಮೂರು ಮುದ್ದೆ, ಮತ್ತೆ ಹಾಲು. ಹೇಳುತ್ತಾ ಹೇಳುತ್ತಾ ದನಿ ಸಣ್ಣದಾಯಿತು.

“ನೀನಮ್ಮಾ?”

ಮಾರಕ್ಕ ಮುಂದೆ ಬಂದಳು. “ಅವ್ಳೂ ಎಲ್ಲಾರಂಗೆ ಉಣ್ತಾಳೆ ತಾಯಿ.”

“ಅವಳೇ ಹೇಳ್ಲಿ ಅಜ್ಜಿ.”

ಮುನಿಲಕ್ಷ್ಮಮ್ಮ ಸೆರಗು ಹಿಂಡುತ್ತಾ ಅಂದಳು: “ಬೆಳಿಗ್ಗೆ ಅಂಬಲಿ. ಮಧ್ಯಾಹ್ನ ಅರ್ಧ ಮುದ್ದೆ ಮಿಕ್ಕಿತ್ತು. ರಾತ್ರಿ ಒಂದು.”

ಡಾಕ್ಟ್ರಮ್ಮ ಎಲ್ಲವನ್ನೂ ಬರೆದುಕೊಂಡು ಲೆಕ್ಕ ಹಾಕಿದರು. ಆಮೇಲೆ ಬೈಗುಳವಿಲ್ಲದೆ ಬಿಡಿಸಿ ಹೇಳಿದರು.

“ನೋಡಿ, ಸೌದೆ ತೂಕ ಹಾಕ್ತೀವಿ, ಹಾಲು ಸೇರಲ್ಲಿ ಅಳೀತೀವಿ. ಹಾಗೇ ತಿಂದ ಅನ್ನ ಮೈಯೊಳಗೆ ಎಷ್ಟು ಶಕ್ತಿ ಕೊಡತ್ತೆ ಅನ್ನೋದಕ್ಕೂ ಒಂದು ಅಳತೆ ಇದೆ. ಅದನ್ನ ಕ್ಯಾಲೊರಿ ಅಂತಾರೆ. ನಿಮ್ಮ ಮನೆ ಮುದ್ದೆ ಒಂದಕ್ಕೆ ಹತ್ತಿರ ಹತ್ತಿರ ನಾನೂರು. ಎಂಟು ಮುದ್ದೆಗೇ ಮೂರು ಸಾವಿರದ ಮೇಲಾಯ್ತು. ಹಾಲು, ತುಪ್ಪ, ಕಡಲೆಕಾಯಿ, ಬೆಲ್ಲ ಸೇರಿದ್ರೆ ಐದು ಸಾವಿರ ದಾಟ್ತು.”

“ಪೈಲ್ವಾನ ಅಲ್ವಾ ತಾಯಿ, ಬೇಕಲ್ಲ. ಮಂಡಿ ಮುರ್ದು ಗರಡಿ, ನೇಗಿಲು ಬಿಟ್ಟವ್ನೆ, ಅಷ್ಟೆ,” ಅಂದಳು ಮಾರಕ್ಕ.

“ದಂಡೆ ಹೊಡೆದು ಹೊಲ ಉಳ್ತಿದ್ದಾಗ ಬೇಕಾಗಿತ್ತು. ಈಗ ದಿನವೆಲ್ಲ ಕೂತಿರ್ತಾರೆ. ಕೂತಿರೋ ಗಂಡಸಿಗೆ ಎರಡು ಸಾವಿರದ ಮುನ್ನೂರು, ನಾನೂರು ಸಾಕು. ಮಿಕ್ಕಿದ್ದು ಕೊಬ್ಬಾಗಿ ಮೈಗೆ ಸೇರ್ತಾ ಹೋಗತ್ತೆ. ಆ ಭಾರಕ್ಕೆ ಮಂಡಿ ಸವೆಯತ್ತೆ, ಉಸಿರು ಕಟ್ಟತ್ತೆ. ಈ ಹುಡುಗಿ ನೀರು ಹೊರ್ತಾಳೆ, ರಾಗಿ ಬೀಸ್ತಾಳೆ, ಮೇಲೆ ಕೂಸಿಗೆ ಹಾಲು ಕೊಡ್ಬೇಕು. ಇವಳಿಗೆ ಮೂರು ಸಾವಿರದ ಹತ್ತಿರ ಬೇಕು. ಇವಳು ತಿಂದಿರೋದು ಸಾವಿರವೂ ಇಲ್ಲ.”

“ಹೆಂಗಸಿಗೆ ಪೈಲ್ವಾನನಿಗಿಂತ ಹೆಚ್ಚಾ? ಎಲ್ಲಾದ್ರೂ ಉಂಟಾ!” ಮಾರಕ್ಕ ನಂಬಲಿಲ್ಲ.

ಗಂಗಣ್ಣ ನಂಬಿದ. ಮೊದಲ ಸಲ ಹೆಂಡತಿಯ ಕಡೆ ತಿರುಗಿ ನೋಡಿದ. ಅವಳ ಕೈಬಳೆಗಳು ಮೊಣಕೈವರೆಗೂ ಜಾರುತ್ತಿದ್ದವು.

ಅವತ್ತು ತಾಯಿಯನ್ನೂ ಕೂಸನ್ನೂ ಆಸ್ಪತ್ರೆಯಲ್ಲೇ ಇರಿಸಿಕೊಂಡರು. ಮುನಿಲಕ್ಷ್ಮಮ್ಮ ಹನಿ ಹನಿಯಾಗಿ ನೀರು ಹಾಕುತ್ತಲೇ ಇದ್ದಳು. ಬೆಳಗಾಗುವ ಹೊತ್ತಿಗೆ ಕೂಸು ನುಂಗುವುದನ್ನು ನಿಲ್ಲಿಸಿತು. ಹಾಕಿದ ನೀರು ತುಟಿಯಂಚಿನಿಂದ ಹೊರಗೆ ಬಂತು.

“ಭೇದಿಯಿಂದ ಹೋಯ್ತು,” ಅಂದರು ಡಾಕ್ಟ್ರಮ್ಮ. ಗಂಗಣ್ಣ ಅವರ ಮುಖವನ್ನೇ ನೋಡುತ್ತಾ ಕೇಳಿದ: “ಹೊಟ್ಟೆ ತುಂಬ ಹಾಲಿದ್ದಿದ್ರೆ ಉಳೀತಿತ್ತಾ ತಾಯಿ?”

“ಗ್ಯಾರಂಟಿ ಹೇಳೋಕಾಗಲ್ಲ ಗಂಗಣ್ಣ. ತಡ್ಕೊಳ್ಳೋ ಶಕ್ತಿ ಇರ್ತಿತ್ತು.”

ಊರಿಗೆ ಬಂದು ಹೊಲದ ಬದುವಿನಲ್ಲಿ ಮಣ್ಣು ಮಾಡಿದರು. ಗುಂಡಿ ತೋಡಿದವನು ಬೈಲಪ್ಪ. ಗಂಗಣ್ಣನಿಗೆ ಬಗ್ಗಿ ಕೂಸನ್ನು ಒಳಗೆ ಮಲಗಿಸಲೂ ಆಗಲಿಲ್ಲ. ಹೊಟ್ಟೆ ಅಡ್ಡ ಬಂತು, ಮಂಡಿ ಮಡಿಸಲಿಲ್ಲ. ನಿಂತೇ ಬೈಲಪ್ಪನ ಕೈಗೆ ಕೊಟ್ಟ.

ಅವತ್ತಿನಿಂದ ಗಂಗಣ್ಣ ಊಟ ಬಿಟ್ಟ. ಮಾರಕ್ಕ ಅತ್ತಳು, ಬೇಡಿಕೊಂಡಳು. ಅವನು ಬರೀ ನೀರು ಕುಡಿದು ಗೋಡೆಗೆ ಮುಖ ಮಾಡಿ ಮಲಗಿದ. ಎದ್ದರೆ ತಲೆ ಸುತ್ತುತ್ತಿತ್ತು. ಹೀಗೇ ಸಾಯಬೇಕು ಅನ್ನುವುದೇ ಅವನ ಮನಸ್ಸಿನಲ್ಲಿದ್ದದ್ದು. ಮುನಿಲಕ್ಷ್ಮಮ್ಮ ನೋಡುವಷ್ಟು ನೋಡಿ ಬಾಗಿಲಲ್ಲಿ ನಿಂತು ಕೇಳಿದಳು.

“ಈಗ ಬಿಟ್ರೆ ಯಾರಿಗೆ ಉಳೀತು?”

ಅವನು ಕಂಬಳಿಯನ್ನು ಮುಖದ ಮೇಲೆ ಎಳೆದುಕೊಂಡ.

“ಇಷ್ಟು ದಿನ ಉಂಡು ಮಲ್ಗಿದ್ರಿ. ಈಗ ಉಣ್ದೆ ಮಲ್ಗಿದೀರಿ. ಎರಡಕ್ಕೂ ನಾನೇ ನೀರು ಹೊತ್ತು ತರ್ಬೇಕು. ಏಳಿ.”

ಅವಳು ಬೈಯಲಿಲ್ಲ, ಅಳಲೂ ಇಲ್ಲ. ಅದಕ್ಕೇ ಗಂಗಣ್ಣ ಎದ್ದು ಕೂತ. ಬೈಲಪ್ಪ ಇಬ್ಬರನ್ನೂ ಮತ್ತೆ ಡಾಕ್ಟ್ರಮ್ಮನ ಹತ್ತಿರ ಕರೆದುಕೊಂಡು ಹೋದ.

“ಉಪವಾಸ ಬಿದ್ದು ಮೈ ಇಳಿಸ್ಬಾರ್ದು,” ಅಂದರು ಡಾಕ್ಟ್ರಮ್ಮ. “ಕೊಬ್ಬಿನ ಜೊತೆ ಮಾಂಸವೂ ಕರಗತ್ತೆ. ನಿಶ್ಶಕ್ತಿ ಬರತ್ತೆ. ಆಮೇಲೆ ತಡೀಲಾರ್ದೆ ಮೊದಲಿಗಿಂತ ಹೆಚ್ಚು ತಿಂತೀರ. ವಾರ ವಾರ ಸ್ವಲ್ಪ ಸ್ವಲ್ಪ ಇಳಿಸ್ತಾ ಬನ್ನಿ. ಕೊನೆಗೆ ನಿಮ್ಮ ಮೈಗೆ ಬೇಕಾದ್ದಕ್ಕಿಂತ ದಿನಕ್ಕೆ ಐನೂರು ಕ್ಯಾಲೊರಿ ಕಡಿಮೆ ಇರೋ ಹಾಗೆ ನಿಲ್ಲಿಸಿ. ಅಂದ್ರೆ ಹೊತ್ತಿಗೆ ಒಂದೇ ಮುದ್ದೆ. ಮೊದಲು ಸೊಪ್ಪು, ತರಕಾರಿ ತಿನ್ನಿ. ಹುರುಳಿ, ಕಾಳಿನ ಸಾರಿರ್ಲಿ. ಗಟ್ಟಿ ಹಾಲು ಬಿಟ್ಟು ನೀರು ಮಜ್ಜಿಗೆ ಕುಡೀರಿ. ತುಪ್ಪ ಚಮಚದಲ್ಲಿ ಹಾಕ್ಕೊಳ್ಳಿ, ಸುರ್ಕೋಬೇಡಿ. ಬೇಜಾರಿಗೆ ಅಂತ ಬೆಲ್ಲ, ಕಡಲೆಕಾಯಿ ಮುಟ್ಬೇಡಿ. ಬೆಳಿಗ್ಗೆ ತಣ್ಣಗಿರೋವಾಗ ಕೋಲು ಹಿಡಿದು ಆದಷ್ಟು ನಡೀರಿ.”

“ಹೊಟ್ಟೆ ಕೇಳಿದ್ರೆ?”

“ಕೇಳತ್ತೆ. ಒಂದಷ್ಟು ದಿನ ಕೇಳತ್ತೆ. ನೀರು ಕುಡ್ದು ಸ್ವಲ್ಪ ಹೊತ್ತು ತಡೀರಿ. ಹಸಿವೋ ಚಪಲವೋ ನಿಮ್ಗೇ ಗೊತ್ತಾಗತ್ತೆ.”

ಸುಲಭವಾಗಲಿಲ್ಲ. ಒಂದೇ ಮುದ್ದೆ ಮುಗಿಸಿದ ಗಂಗಣ್ಣ ಗಂಗಳವನ್ನು ಬೆರಳಲ್ಲಿ ಸವರಿ ನೆಕ್ಕಿ ಆಮೇಲೆ ಸರಿಸುತ್ತಿದ್ದ. ಒಂದು ಸಂಜೆ ಬೆಲ್ಲದ ಡಬ್ಬಕ್ಕೆ ಕೈ ಹಾಕಿಯೂಬಿಟ್ಟ, ತಿಂದ, ಆಮೇಲೆ ಮಗುವಿನ ಹಾಗೆ ಅತ್ತ. ಮಾರನೆಯ ದಿನ ಮತ್ತೆ ಒಂದೇ ಮುದ್ದೆಗೆ ಬಂದ. ಹೊಲದ ಬದುವಿನ ತನಕ ನಡೆಯುತ್ತಿದ್ದ. ಅಲ್ಲಿ ಸ್ವಲ್ಪ ಹೊತ್ತು ನಿಂತು ವಾಪಸು ಬರುತ್ತಿದ್ದ.

ಮಾರಕ್ಕ ಬದಲಾಗಲು ಇನ್ನೂ ಹೆಚ್ಚು ಕಾಲ ಹಿಡಿಯಿತು. ಮಗ ಸೊರಗಿಹೋಗುತ್ತಾನೆ ಅಂತ ಅವಳ ಭಯ. ಸೊರಗಲಿಲ್ಲ. ಉಸಿರು ಹದವಾಯಿತು, ಮಂಡಿಯ ಬಾವು ಇಳಿಯಿತು. ಸೊಸೆಯ ಮುಖಕ್ಕೆ ರಕ್ತ ಬಂತು. ಒಂದು ದಿನ ಮಾರಕ್ಕ ಮೊದಲ ಬಿಸಿ ಮುದ್ದೆಯನ್ನು ಮಗನಿಗೆ ಇಕ್ಕದೆ ಸೊಸೆಯ ಗಂಗಳಕ್ಕೆ ಇಕ್ಕಿದಳು. “ಉಣ್ಣು ತಾಯಿ. ನಂಗೆ ಗೊತ್ತಾಗ್ಲಿಲ್ಲ,” ಅಂದಳು. ಮುನಿಲಕ್ಷ್ಮಮ್ಮ ತಲೆ ಎತ್ತದೆ ಉಂಡಳು. ಹೊಟ್ಟೆ ತುಂಬ ಉಂಡಳು. ಆ ಊಟ ಅವಳಿಗೆ ರುಚಿಸಿತೋ ಇಲ್ಲವೋ ಯಾರಿಗೂ ಗೊತ್ತಾಗಲಿಲ್ಲ. ಗಂಡನ ಜೊತೆ ಅವಳು ಕೆಲಸಕ್ಕೆ ಬೇಕಾದಷ್ಟು ಮಾತ್ರ ಮಾತಾಡುತ್ತಿದ್ದಳು.

ಮುಂದಿನ ಸುಗ್ಗಿಯ ಹೊತ್ತಿಗೆ ಗಂಗಣ್ಣ ಕಣದಲ್ಲಿ ಕೂತು ತೆನೆ ಬಡಿಯುವಷ್ಟಾದ. ದಾರಿಯಲ್ಲಿ ಹೋಗುವವರು ನಿಂತು, “ಏನಪ್ಪಾ ಗಂಗಣ್ಣ, ಎಷ್ಟು ಇಳಿದ್ಬಿಟ್ಟೆ! ಹುಡುಗ ಆಗ್ಬಿಟ್ಟೆ ಬಿಡು!” ಅನ್ನುತ್ತಿದ್ದರು.

“ಇಳ್ದಿದ್ದು ತಡವಾಯ್ತು ಕಣಣ್ಣ,” ಅನ್ನುತ್ತಿದ್ದ ಗಂಗಣ್ಣ. ಹಾಗಂದು ಮತ್ತೆ ತೆನೆ ಬಡಿಯುತ್ತಿದ್ದ.

ಅಕ್ಕಂದಿರೇ, ಅಣ್ಣಂದಿರೇ, ಇದನ್ನು ಓದಿಸಿ ಕೇಳಿದ ಮೇಲೆ ನಿಮ್ಮ ನಿಮ್ಮ ಮನೆಯಲ್ಲಿ ಒಮ್ಮೆ ಕೇಳಿ ನೋಡಿ. ಯಾರು ಎಷ್ಟು ದುಡಿಯುತ್ತಾರೆ? ಯಾರು ಎಷ್ಟು ಉಣ್ಣುತ್ತಾರೆ? ಬಸುರಿ ಯಾರು, ಹಾಲೂಡುವವಳು ಯಾರು, ಕೂತಲ್ಲೇ ಕೂತವರು ಯಾರು? ಹಿಂದೆ ಎಷ್ಟು ಉಣ್ಣುತ್ತಿದ್ದಿರಿ ಅನ್ನುವುದು ಲೆಕ್ಕಕ್ಕೆ ಬರುವುದಿಲ್ಲ, ಇವತ್ತು ಮೈಗೆ ಎಷ್ಟು ಬೇಕು ಅನ್ನುವುದೇ ಲೆಕ್ಕ. ಗೊತ್ತಾಗದಿದ್ದರೆ ಹತ್ತಿರದ ಆಸ್ಪತ್ರೆಯಲ್ಲಿ ಕೇಳಿ, ಹೇಳುತ್ತಾರೆ. ಮೈ ಹೆಚ್ಚಿದ್ದರೆ ಉಪವಾಸ ಬೀಳದೆ, ನಿಧಾನವಾಗಿ, ಅಳತೆಯಲ್ಲಿ ಇಳಿಸಿ. ಅಡಿಗೆ ಮಾಡಿದವಳು ಉಂಡಳೇ ಅಂತ ನೋಡದೆ ಯಾರೂ ಕೈ ತೊಳೆಯಬೇಡಿ. ನಾಳೆಯಿಂದ ನೋಡೋಣ ಅನ್ನಬೇಡಿ. ಈ ಹೊತ್ತಿನ ಊಟದಲ್ಲೇ ನೋಡಿ.